ಅಕ್ಕೋರ ಕೊನೆಯ ಕಟ್ಟು

ಆ ಬುಧವಾರ ಸಂಜೆ ಚೆಂಬೂರಿನ ಅಕ್ಕೋರ ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ನನ್ನ ಕಂಕುಳಲ್ಲಿ ಹೊಸ ಬ್ಲಾಟಿಂಗ್ ಪೇಪರಿನ ಎರಡು ಕಟ್ಟುಗಳಿದ್ದವು. ಮಳೆಗೆ ನೆನೆಯದಿರಲಿ ಎಂದು ಮೇಣಬಟ್ಟೆ ಸುತ್ತಿದ್ದೆ. ಎರಡನೆಯ ಮಹಡಿಯ ಬಾಗಿಲ ಮುಂದೆ ರಾಶಿ ಚಪ್ಪಲಿ ಕಂಡವು. ಶ್ರಾವಣ ಮಾಸ, ಏನೋ ಪೂಜೆ ಇಟ್ಟುಕೊಂಡಿರಬೇಕು, ಸರಿಯಾಗಿ ಪ್ರಸಾದದ ಹೊತ್ತಿಗೇ ಬಂದೆನಲ್ಲ ಎಂದು ಖುಷಿಪಟ್ಟೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೆ ನಡೆದದ್ದು ಹಾಗೆಯೇ.

ಒಳಗೆ ಗೋಡೆಗೆ ಒರಗಿ ಗಂಡಸರು ಕುಳಿತಿದ್ದರು. ಯಾರೂ ಮಾತನಾಡುತ್ತಿರಲಿಲ್ಲ. ಅಕ್ಕೋರ ಗಂಡ ನನ್ನನ್ನು ನೋಡಿ, "ಬರ್ರಿ, ಕೂಡ್ರಿ" ಎಂದರು. ಅವರು ಬರಿಮೈಯಲ್ಲಿದ್ದರು. ಮುಂಬಯಿಯ ಫೋರ್ಟಿನ ಒಂದು ಕಂಪನಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಆ ಮನುಷ್ಯನನ್ನು ನಾನು ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ನೋಡಿದ್ದೇ ಇಲ್ಲ. ಆಗಲೂ ನನ್ನ ತಲೆಗೆ ಹೊಳೆಯಲಿಲ್ಲ.

"ಅಕ್ಕೋರು ಎಲ್ಲಿ? ಕಾಗದ ತಂದಿದ್ದೇನೆ" ಎಂದೆ.

"ಆಕಿ ಹೋಗಿಬಿಟ್ಲ್ರಿ" ಎಂದರು ಅವರು. "ಸೋಮವಾರ ಮುಂಜಾನಿ. ಹಾಲು ಕಾಸಿದ್ಲು. ತಲಿ ಒಂದೀಟು ಹಿಡಿದಂಗ ಆಗೇದ ಅಂತ ಅಲ್ಲೇ ಗ್ವಾಡಿಗೆ ಆತು ಕೂತ್ಲು. ಕೂತಾಕಿ ಏಳಲಿಲ್ಲ."

ಕಾಗದದ ಕಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ನನ್ನ ಜೇಬಿನಲ್ಲಿ ಅವರ ಕಾರ್ಡಿತ್ತು. ಹಿಂದಿನ ದಿನ, ಮಂಗಳವಾರ, ಕಾಲೇಜಿಗೆ ಬಂದದ್ದು. "ಹೂಜಿ ಹೂ ಸಿಕ್ಕಿತು. ಇಂದೇ ಕಟ್ಟಿದ್ದೇನೆ. ನನ್ನಲ್ಲಿ ಒಣ ಕಾಗದ ಮುಗಿಯುತ್ತ ಬಂದಿದೆ, ಬುಧವಾರ ತಪ್ಪದೆ ತೆಗೆದುಕೊಂಡು ಬನ್ನಿ" ಎಂದು ಭಾನುವಾರ ಬರೆದು ಹಾಕಿದ್ದರು. ಅದನ್ನು ಓದಿ ನಾನು ಕುಣಿದಾಡುವುದೊಂದು ಬಾಕಿ. ಆ ಹೊತ್ತಿಗೆ ಅವರ ಚಿತೆಯ ಬೂದಿಯೂ ಆರಿತ್ತು ಎಂಬುದನ್ನು ನಂಬಲು ನನಗೆ ಸಾಧ್ಯವಾಗಲಿಲ್ಲ. ನಲವತ್ತೊಂದು ವರ್ಷದ, ಒಂದು ದಿನವೂ ನೆಗಡಿ ಎಂದು ಮಲಗದ ಹೆಂಗಸು.

ಯಾರು ಈ ಅಕ್ಕೋರು, ನಾನು ಯಾರು ಎಂಬುದನ್ನು ಹೇಳಿಬಿಡುತ್ತೇನೆ. ಧಾರವಾಡದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಇವರು ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದರು. ನಾನು ಉಡುಪಿ ಕಡೆಯವನು, ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಒಣಗಿಸಿದ ಗಿಡಗಳ ಕೋಣೆಯನ್ನು ನೋಡಿಕೊಳ್ಳುತ್ತಿದ್ದವನು. ಗಿಡವನ್ನು ಒಣಗಿಸುವುದು, ಹುಳು ಹತ್ತದಂತೆ ವಿಷ ಹಾಕುವುದು, ದಪ್ಪ ಹಾಳೆಗೆ ಹೊಲಿದು ಅಂಟಿಸುವುದು, ಚೀಟಿ ಬರೆಯುವುದು ನನ್ನ ಕೆಲಸ. ಮೂರು ವರ್ಷದ ಹಿಂದೆ ಈ ಅಕ್ಕೋರು ಒದ್ದೆ ಟವೆಲಿನಲ್ಲಿ ಒಂದು ಕಳೆಗಿಡ ಸುತ್ತಿಕೊಂಡು ಬಂದು, "ಅಣ್ಣಾರ, ಇದರ ಹೆಸರೇನ್ರಿ? ನಮ್ಮ ಹುಡುಗ್ರು ಕೇಳ್ಯಾವ" ಎಂದರು. ನನಗೆ ಗೊತ್ತಿರಲಿಲ್ಲ. ಪ್ರೊಫೆಸರರನ್ನು ಕೇಳಿ ಹೇಳಿದೆ. ಮುಂದಿನ ಶನಿವಾರ ಏಳು ಗಿಡ ತಂದರು. ಇದೇನು ಗ್ರಹಚಾರ ಎಂದುಕೊಂಡೆ. ಆಮೇಲೆ ಅವರು ಬಾರದ ಶನಿವಾರ ನನಗೇ ಬೇಸರವಾಗತೊಡಗಿತು.

ಗಿಡ ಕಟ್ಟುವುದನ್ನು ಅವರಿಗೆ ಕಲಿಸಿದವನು ನಾನೇ. ಮರದ ಪಟ್ಟಿಯ ಎರಡು ಚೌಕಟ್ಟು, ನಡುವೆ ಕಾಗದ, ಕಾಗದದ ನಡುವೆ ಗಿಡ, ಸುತ್ತ ಬಿಗಿಯಾದ ಪಟ್ಟಿ. ಕಾಗದ ಗಿಡದ ನೀರನ್ನು ಹೀರುತ್ತದೆ. ದಿನಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ಸಲ, ಒಣ ಕಾಗದ ಬದಲಿಸಬೇಕು. ಮುಂಬಯಿಯ ಮಳೆಯಲ್ಲಿ ಇದು ಬೇಗ ಒಣಗುವುದಿಲ್ಲ ಎಂದು ಅಕ್ಕೋರು ತಮ್ಮದೇ ಉಪಾಯ ಕಂಡುಕೊಂಡಿದ್ದರು. ಅಡಿಗೆಮನೆಯ ಇದ್ದಿಲ ಸಿಗಡಿಯ ಮೇಲೆ ಎರಡು ಮೊಳ ಎತ್ತರದಲ್ಲಿ ಹಗ್ಗಕ್ಕೆ ಕಟ್ಟನ್ನು ತೂಗುಹಾಕುತ್ತಿದ್ದರು. ರೊಟ್ಟಿ ಬೇಯುವ ಕಾವಿಗೆ ಗಿಡವೂ ಒಣಗುತ್ತಿತ್ತು. ನಮ್ಮ ಕಾಲೇಜಿನ ಹಾಳೆಗಳಿಗಿಂತ ಅವರ ಹಾಳೆಗಳಲ್ಲಿ ಹೂವಿನ ಬಣ್ಣ ಚೆನ್ನಾಗಿ ಉಳಿಯುತ್ತಿತ್ತು.

ಆ ಸಂಜೆ ನಾನು ಕುಳಿತ ಜಾಗದಿಂದ ಅಡಿಗೆಮನೆ ಕಾಣುತ್ತಿತ್ತು. ಸಿಗಡಿಯ ಮೇಲೆ ಆ ಕಟ್ಟು ತೂಗುತ್ತಿತ್ತು. ಸಿಗಡಿ ತಣ್ಣಗಿತ್ತು. ಅವರ ಕಡೆ ಸಾವಿನ ಮನೆಯಲ್ಲಿ ದಿನಗಳು ಮುಗಿಯುವ ತನಕ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯಿಂದ ಊಟ ಬರುತ್ತದೆ. ಭಾನುವಾರ ಕಟ್ಟಿದ ಗಿಡ, ಮೂರು ದಿನದಿಂದ ಕಾವಿಲ್ಲ, ಕಾಗದ ಬದಲಿಸಿಲ್ಲ, ಹೊರಗೆ ಜಡಿಮಳೆ. ನನ್ನ ತೊಡೆಯ ಮೇಲೆ ಒಣ ಕಾಗದವಿದೆ. ಕಟ್ಟಿಗೂ ನನಗೂ ನಡುವೆ ಹೆಚ್ಚೆಂದರೆ ಹತ್ತು ಹೆಜ್ಜೆ.

ಕೇಳಬೇಕು ಎನ್ನುವುದು ಬಾಯಿಯವರೆಗೂ ಬಂತು. ಹೇಗೆ ಕೇಳುವುದು? ಹೆಂಡತಿಯನ್ನು ಸುಟ್ಟು ಬಂದು ಮೂರನೆಯ ದಿನ ಕುಳಿತ ಗಂಡಸಿಗೆ, ನಿಮ್ಮ ಅಡಿಗೆಮನೆಯಲ್ಲಿರುವ ಹುಲ್ಲಿನ ಕಟ್ಟು ಕೊಡಿ ಎನ್ನುವುದೆ? ಸೂತಕದ ಮನೆಯಿಂದ ಒಂದು ಕಡ್ಡಿಯನ್ನೂ ತರಬಾರದೆಂದು ಹೇಳಿಸಿಕೊಂಡು ಬೆಳೆದವನು ನಾನು. ಮೂಲೆಯಲ್ಲಿ ಕುಳಿತಿದ್ದ, ಅಕ್ಕೋರ ಗಂಡನ ಸೋದರತ್ತೆ ನನ್ನ ಕಾಗದದ ಕಟ್ಟನ್ನೇ ದುರುಗುಟ್ಟಿ ನೋಡುತ್ತಿದ್ದರು. ಅರ್ಧ ಗಂಟೆ ಕುಳಿತೆ. ಇಂಥ ಮನೆಯಲ್ಲಿ ಹೋಗಿಬರುತ್ತೇನೆ ಎನ್ನುವ ಹಾಗಿಲ್ಲವಾದ್ದರಿಂದ ಸುಮ್ಮನೆ ಎದ್ದು ಬಂದೆ. ತಂದ ಕಾಗದವನ್ನೂ ಹಾಗೆಯೇ ಹೊತ್ತುಕೊಂಡು ಬಂದೆ. ಕುರ್ಲಾದಲ್ಲಿ ಲೋಕಲ್ ಬದಲಿಸುವುದನ್ನು ಮರೆತು ಪ್ಲಾಟ್‌ಫಾರಂ ಮೇಲೆ ಎಷ್ಟೋ ಹೊತ್ತು ನಿಂತಿದ್ದೆ.

ಆ ಕಟ್ಟಿನಲ್ಲಿ ಏನಿತ್ತು ಎಂಬುದು ನನಗೂ ಪ್ರೊಫೆಸರರಿಗೂ ಚೆನ್ನಾಗಿ ಗೊತ್ತಿತ್ತು. ಪ್ರೊಫೆಸರರು ಚೆಂಬೂರು ಮತ್ತು ಟ್ರಾಂಬೆ ಗುಡ್ಡದ ಗಿಡಗಳ ಒಂದು ಪಟ್ಟಿಯನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದರು. ಅದರ ಅರ್ಧಕ್ಕಿಂತ ಹೆಚ್ಚು ಗಿಡಗಳು ಅಕ್ಕೋರು ತಂದವು. ಹೂಜಿ ಹೂ ಎಂದು ಅವರು ಕರೆಯುತ್ತಿದ್ದುದು ನೆಲದಲ್ಲಿ ಗೆಡ್ಡೆ ಇಟ್ಟು, ಮಳೆಗಾಲದಲ್ಲಿ ಮೂರು ನಾಲ್ಕು ವಾರ ಮಾತ್ರ ಹೂಬಿಡುವ ಗಿಡ. ಹೂವು ಪುಟ್ಟ ಹೂಜಿಯ ಆಕಾರ. ಘಟ್ಟದ ಮೇಲೆ ಖಂಡಾಲಾದ ಕಡೆ ಸಿಗುತ್ತದೆ. ಮುಂಬಯಿಯ ಈ ಗುಡ್ಡಗಳಲ್ಲಿ ಇದೆ ಎಂದು ನಮ್ಮ ಪ್ರೊಫೆಸರರಿಗೆ ಗೊತ್ತಿದ್ದ ಯಾವ ಪಟ್ಟಿಯಲ್ಲೂ ಇರಲಿಲ್ಲ. ಹಿಂದಿನ ವರ್ಷ ಅಕ್ಕೋರು ಅದನ್ನು ಕಂಡಿದ್ದರು, ಆದರೆ ಒಂದೇ ಗಿಡ ಎಂದು ಕೀಳದೆ ಬಿಟ್ಟಿದ್ದರು. ಹಾಳೆಯಿಲ್ಲದೆ ಹೆಸರಿಲ್ಲ ಎಂಬುದು ನಮ್ಮ ಕೆಲಸದ ಕಟ್ಟುನಿಟ್ಟು. ಈ ವರ್ಷ ಸಿಕ್ಕರೆ ಪಟ್ಟಿಯಲ್ಲಿ ಆ ಗಿಡದ ಮುಂದೆ ಮೊದಲು ಕಂಡವರೆಂದು ಅಕ್ಕೋರ ಹೆಸರು ಬರುವುದಿತ್ತು. ಅವರಿಗೆ ಡಿಗ್ರಿ ಇರಲಿಲ್ಲ, ಮಕ್ಕಳಿರಲಿಲ್ಲ. ಆ ಒಂದು ಸಾಲಿಗಾಗಿ ಅವರು ಎಷ್ಟು ಆಸೆಪಟ್ಟಿದ್ದರೆಂದು ನನಗೆ ಗೊತ್ತು.

ಗುರುವಾರ ಪ್ರೊಫೆಸರರಿಗೆ ಸುದ್ದಿ ಹೇಳಿದೆ. ಅವರು ಮರಾಠಿಯವರು, ಗಟ್ಟಿ ದನಿಯವರು. ಕೈಯಲ್ಲಿದ್ದ ಪಟ್ಟಿಯನ್ನು ಮೆಲ್ಲನೆ ಮಡಿಸಿಟ್ಟರು. ಆಮೇಲೆ ಕಟ್ಟಿನ ವಿಷಯ ಕೇಳಿದರು. "ಸೂತಕದ ಮನೆ ಸರ್, ಕೇಳಲಾಗಲಿಲ್ಲ" ಎಂದೆ. "ಹೌದು, ಹೇಗೆ ಕೇಳುವುದು. ಹದಿಮೂರು ದಿನ ಹೋಗಲಿ" ಎಂದರು. ನಾನು ಸಮಾಧಾನದ ಉಸಿರು ಬಿಟ್ಟೆ. ಇಬ್ಬರೂ ಮರ್ಯಾದಸ್ಥರು. ಮಳೆಗಾಲದ ಗಿಡ ಹದಿಮೂರು ದಿನ ಕಾಯುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳಿಕೊಡುತ್ತಿದ್ದವರು.

ಹದಿನಾಲ್ಕನೆಯ ದಿನ, ಭಾನುವಾರ ಬೆಳಿಗ್ಗೆ ಹೋದೆ. ಮನೆಯನ್ನು ಮೇಲಿಂದ ಕೆಳಗೆ ತೊಳೆದಿದ್ದರು. ಶುದ್ಧಿಯ ದಿನ ಅಡಿಗೆಮನೆ ತೊಳೆಯಲೆಂದು ಕಟ್ಟನ್ನು ಹಗ್ಗದಿಂದ ಬಿಚ್ಚಿ ಹೊರಗಿನ ಗ್ಯಾಲರಿಯಲ್ಲಿ ಇಟ್ಟಿದ್ದರು. ಅಲ್ಲಿ ಎರಡು ದಿನ ಎರಚಲು ಹೊಡೆದಿತ್ತು. ಅಕ್ಕೋರ ಗಂಡ ಅದನ್ನೂ ಒಂದು ನೋಟ್‌ಬುಕ್ಕನ್ನೂ ಎರಡು ಕೈಯಲ್ಲಿ ಹಿಡಿದು ತಂದು ಕೊಟ್ಟರು. "ನಿಮ್ಮ ಕಾಲೇಜಿಂದು ಇಷ್ಟ ಅದ ನೋಡ್ರಿ" ಎಂದರು. ಕೈಗೆ ಬಂದಾಗಲೇ ಅದರ ಭಾರ ನನಗೆ ಎಲ್ಲವನ್ನೂ ಹೇಳಿತು. ಒಣಗಿದ ಕಟ್ಟು ಅಷ್ಟು ತೂಗುವುದಿಲ್ಲ.

ಕೋಣೆಯ ಕೀಲಿ ನನ್ನ ಬಳಿಯೇ ಇರುತ್ತಿತ್ತು. ನೇರವಾಗಿ ಕಾಲೇಜಿಗೆ ಹೋಗಿ ಪಟ್ಟಿ ಬಿಚ್ಚಿದೆ. ಹಳೆಯ ಉಪ್ಪಿನಕಾಯಿ ಕೆಟ್ಟಾಗ ಬರುವಂಥ ವಾಸನೆ. ಮೂವತ್ತೇಳು ಪದರ. ಮೇಲಿನ ಎಂಟು ಹತ್ತು ಪದರ ಬೂಷ್ಟು ಹಿಡಿದು ಕಾಗದವೂ ಎಲೆಯೂ ಒಂದೇ ಆಗಿದ್ದವು. ಅವಸರಪಟ್ಟರೆ ಉಳಿದದ್ದೂ ಹರಿಯುತ್ತದೆ ಎಂದು ನನಗೆ ನಾನೇ ಗದರಿಕೊಂಡೆ.

ಮುಂದಿನ ಐದು ದಿನ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಒಂದೊಂದು ಪದರವನ್ನೂ ಮೊಂಡು ಚಾಕುವಿನಿಂದ ಬಿಡಿಸಿ, ಬೂಷ್ಟನ್ನು ಒಂಟೆಕೂದಲ ಕುಂಚದಿಂದ ಸವರಿ ತೆಗೆದೆ. ಆಮೇಲೆ ಪಾದರಸದ ವಿಷ ಬೆರೆಸಿದ ಸ್ಪಿರಿಟ್ಟನ್ನು ಬಳಿದೆ. ಪಾನನಿರೋಧದ, ದಾರೂಬಂದಿಯ ಕಾಲ, ಆ ಸ್ಪಿರಿಟ್ಟು ಪರ್ಮಿಟ್ಟಿನ ಮೇಲೆ ಬರುವಂಥದ್ದು, ಬೀಗ ಹಾಕಿದ ಕಪಾಟಿನಲ್ಲಿ ಇರುತ್ತಿತ್ತು. ಆ ವಾರ ಇಡೀ ಟರ್ಮಿನ ಪಾಲನ್ನು ನಾನು ಖರ್ಚು ಮಾಡಿದೆ. ಪ್ರೊಫೆಸರರು ಲೆಕ್ಕ ಕೇಳಲಿಲ್ಲ. ಒಣಗಿಸಲು ಗೇಟಿನ ಪಕ್ಕದ ಇಸ್ತ್ರಿಯವನಿಂದ ಇದ್ದಿಲ ಪೆಟ್ಟಿಗೆ ಕೇಳಿ ತಂದೆ. ಎರಡು ಬ್ಲಾಟಿಂಗ್ ಪೇಪರಿನ ನಡುವೆ ಗಿಡ ಇಟ್ಟು ಮೇಲೆ ಇಸ್ತ್ರಿ ಒತ್ತಬೇಕು. ಕಾವು ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಕಡಿಮೆಯಾದರೆ ಬೆಂದಂತಾಗಿ ಕೊಳೆಯುತ್ತದೆ. ಒಂದು ಹನಿ ನೀರು ಚಿಮುಕಿಸಿ, ಅದು ಚುಂಯ್ ಎನ್ನದೆ ಮೆಲ್ಲನೆ ಆರಿದರೆ ಹದ. ಇಸ್ತ್ರಿಯವ ಪಕ್ಕದಲ್ಲಿ ನಿಂತು ನೋಡಿ, "ಭಾಯಿ, ಕಾಲೇಜಿನಲ್ಲಿ ಪಲ್ಯಕ್ಕೂ ಇಸ್ತ್ರಿ ಹಾಕುತ್ತಾರಾ?" ಎಂದು ಹಿಂದಿಯಲ್ಲಿ ಕೇಳಿದ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಪಾಪ, ಅವನದೇನು ತಪ್ಪು.

ಮೂವತ್ತೇಳರಲ್ಲಿ ಇಪ್ಪತ್ತೆಂಟು ಉಳಿದವು. ಹೂಜಿ ಹೂ ಉಳಿಯಲಿಲ್ಲ. ಹೂವು ಇದ್ದ ಜಾಗದಲ್ಲಿ ಕಾಗದದ ಮೇಲೆ ಒಂದು ಕಂದು ಕಲೆ, ಅಷ್ಟೆ. ಎರಡು ಎಲೆಯ ನರ, ಒಂದು ಗೇಣು ದಂಟು, ಕೊಳೆತ ಗೆಡ್ಡೆಯ ಎರಡು ಹೋಳು ಸಿಕ್ಕವು. ಆ ಹೋಳುಗಳನ್ನು ಒಂದಕ್ಕೊಂದು ಕೂಡಿಸಿ ನೋಡಿದೆ. ಇಡೀ ಗೆಡ್ಡೆಯಾಗಿದ್ದರೆ ಎರಡು ವಾರವಲ್ಲ, ಎರಡು ತಿಂಗಳಾದರೂ ಕಟ್ಟಿನೊಳಗೆ ಜೀವ ಹಿಡಿದಿರುತ್ತಿತ್ತು; ಮಣ್ಣಿಗಿಟ್ಟರೆ ಚಿಗುರುತ್ತಿತ್ತು. ಬೇಗ ಒಣಗಲೆಂದು ಗೆಡ್ಡೆಯನ್ನು ನಡುವೆ ಸೀಳಿಯೇ ಕಟ್ಟಬೇಕು ಎಂದು ಅಕ್ಕೋರಿಗೆ ಪಾಠ ಹೇಳಿದವನು ನಾನು. ನೀಟಾಗಿ, ಒಂದೇ ಏಟಿಗೆ ಸೀಳಿದ್ದರು.

ಇನ್ನು ಉಳಿದದ್ದು ನೋಟ್‌ಬುಕ್ಕು. ಅದರಲ್ಲಿ ಜಾಗ ಬರೆದಿರುತ್ತಾರೆ, ಹೋಗಿ ಇನ್ನೊಂದು ಗಿಡ ಹುಡುಕೋಣ, ಹೂವಿನ ಕಾಲ ಮುಗಿದಿಲ್ಲ ಎಂದು ಓದಲು ಕುಳಿತೆ. ನಮ್ಮ ವಿದ್ಯಾರ್ಥಿಗಳು ನಂಬರು, ಜಾಗ, ಮಣ್ಣು ಎಂದು ಬರೆದು ಮುಗಿಸುತ್ತಾರೆ. ಅಕ್ಕೋರದು ಬೇರೆಯೇ. "ಬಾವಿ ದಾಟಿ ಎಡಕ್ಕೆ. ಮೇಕೆ ಇದನ್ನು ತಿನ್ನುವುದಿಲ್ಲ. ದನ ಕಾಯುವ ಅಜ್ಜಿ ಹೊಟ್ಟೆನೋವಿಗೆ ಆಗುತ್ತದೆ ಎಂದಳು, ಹೇಳಿ ನಕ್ಕಳು, ನಂಬಬಾರದು." "ಸಮುದ್ರದ ಖಾಡಿಯ ಕೆಸರಿನಲ್ಲಿ ಮೊಣಕಾಲು ತನಕ ಹೂತೆ. ಮೀನುಗಾರ್ತಿ ಎಳೆದು ತೆಗೆದು ಬಾಯಿಗೆ ಬಂದಂತೆ ಬೈದಳು." "ಸೀರೆಯ ತುಂಬ ಹುಲ್ಲಿನ ಮುಳ್ಳು. ಶಾಲೆಗೆ ಇನ್‌ಸ್ಪೆಕ್ಟರ್ ಬಂದಿದ್ದರು. ನಾಚಿಕೆಯಾಯಿತು. ಅವರಿಗೂ ಎರಡು ಮುಳ್ಳು ಹತ್ತಿದವು." ಓದುತ್ತ ನಗುತ್ತಿದ್ದೆ, ತಕ್ಷಣ ಇವರು ಇಲ್ಲ ಎಂದು ನೆನಪಾಗುತ್ತಿತ್ತು. ಮತ್ತೆ, ಭಾನುವಾರದ ಬರಹಗಳೆಲ್ಲ ಒಂದೇ ಮಾತಿನಿಂದ ಮುಗಿಯುತ್ತಿದ್ದವು: "ಇವರನ್ನು ಕರೆದೆ. ಬರಲಿಲ್ಲ."

ಹೂಜಿ ಹೂವಿನ ಜಾಗ ಹೀಗಿತ್ತು: "ಗುಡ್ಡದ ಹಿಂದಿನ ಇಳಿಜಾರು, ಒಡೆದ ಕಟ್ಟೆಯಿಂದ ಅರವತ್ತು ಹೆಜ್ಜೆ ಮೇಲೆ." ಅವರ ಗಂಡನಿಗೆ ಕಟ್ಟೆ ಗೊತ್ತಿರಬಹುದೆಂದು ಹೇಳಿಕಳಿಸಿದೆ. ಮುಂದಿನ ಭಾನುವಾರ ಅವರು ಆಫೀಸಿನ ಬೂಟು ಹಾಕಿಕೊಂಡು ಚೆಂಬೂರು ಸ್ಟೇಷನ್ನಿನಲ್ಲಿ ನಿಂತಿದ್ದರು. ತಲೆ ಬೋಳಿಸಿದ್ದರಿಂದ ಟೊಪ್ಪಿಗೆ ದೊಡ್ಡದಾಗಿ ಕಾಣುತ್ತಿತ್ತು.

"ಕಟ್ಟಿ ನನಗ ಗೊತ್ತಿಲ್ರಿ" ಎಂದರು. "ಆದ್ರ ನಾನೂ ಬರ್ತೀನಿ. ಬುಕ್ಕು ನಾನೂ ಓದೀನಿ, ನಿಮಗ ಕೊಡೂ ಮೊದಲ. ಮೂರು ವರ್ಷ ಕರದ್ಲು ನೋಡ್ರಿ."

ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಗಾಗಿ ಆ ಕಡೆಯೆಲ್ಲ ಹೊಸ ರಸ್ತೆಗಳು ಬೀಳುತ್ತಿದ್ದವು. ಮೂರು ಮೈಲು ನಡೆದೆವು. ಅವರ ಬೂಟು ಎರಡು ಸಲ ಕೆಸರಿನಲ್ಲಿ ಸಿಕ್ಕಿಕೊಂಡಿತು. ಕೊನೆಗೆ ಗುಡ್ಡದ ಹಿಂಬದಿಗೆ ಬಂದರೆ ಇಳಿಜಾರು ಇರಲಿಲ್ಲ. ಬೆಣ್ಣೆಯನ್ನು ಚಾಕುವಿನಿಂದ ಕೊಯ್ದ ಹಾಗೆ ಗುಡ್ಡವನ್ನು ನೆಟ್ಟಗೆ ಕಡಿದಿದ್ದರು. ಕೆಳಗೆ ಕೆಂಪು ಮಣ್ಣು, ಲಾರಿಯ ಗಾಲಿಯ ಗುರುತು, ಅದರಲ್ಲಿ ನಿಂತ ಮಳೆನೀರು. ಒಡೆದ ಕಟ್ಟೆಯ ಕಲ್ಲುಗಳನ್ನು ಒಂದು ಕಡೆ ಒಟ್ಟಿದ್ದರು. ತಗಡಿನ ಶೆಡ್ಡಿನಲ್ಲಿದ್ದ ಕಾವಲುಗಾರನನ್ನು, ಇದನ್ನು ಕಡಿದು ಎಷ್ಟು ದಿನವಾಯಿತು ಎಂದು ಕೇಳಿದೆ.

"ಹತ್ತು ದಿನ ಆಗಿರಬೇಕು" ಎಂದ ಅವನು.

ನಾನು ಬೆರಳೆಣಿಸಿದೆ. ಅಂದರೆ ನಾನು ಆ ಬುಧವಾರ ಕಟ್ಟನ್ನೂ ಬುಕ್ಕನ್ನೂ ಕೇಳಿ ತಂದಿದ್ದರೆ, ಒಂದು ವೇಳೆ ಗಿಡ ಕೆಟ್ಟಿದ್ದರೂ, ಮತ್ತೆ ಬಂದು ಹುಡುಕಲು ಒಂದು ವಾರ ಪೂರ್ತಿ ಸಮಯವಿತ್ತು. ಉಳಿದ ಗುಡ್ಡವನ್ನು ಕತ್ತಲಾಗುವ ತನಕ ಇಬ್ಬರೂ ಹುಡುಕಿದೆವು. ನಾನು ಹೂವಿನ ಆಕಾರ ಹೇಳಿಕೊಟ್ಟಿದ್ದೆ, ಅವರು ಬಗ್ಗಿ ಬಗ್ಗಿ ಪ್ರತಿ ಹುಲ್ಲುಕಡ್ಡಿಯನ್ನೂ ತೋರಿಸಿ "ಇದ ಏನ್ರಿ? ಇದ?" ಎಂದು ಕೇಳುತ್ತಿದ್ದರು. ಯಾವುದೂ ಅದಲ್ಲ.

ಸೋಮವಾರ ನಾನು ಮಾಡಹೊರಟ ಕೆಲಸವನ್ನೂ ಮುಚ್ಚಿಡುವುದಿಲ್ಲ. ನಮ್ಮ ಕಪಾಟಿನಲ್ಲಿ ಖಂಡಾಲಾದಿಂದ ತಂದ ಅದೇ ಗಿಡದ ನಾಲ್ಕು ಹಾಳೆಗಳಿದ್ದವು. ಅದೇ ಎಲೆ, ಅದೇ ಹೂವು, ಚೆನ್ನಾಗಿ ಒಣಗಿದವು. ಒಂದನ್ನು ಬಿಡಿಸಿ ಹೊಸ ಹಾಳೆಗೆ ಏರಿಸಿ ಅಕ್ಕೋರ ಬುಕ್ಕಿನ ನಂಬರು ಹಾಕಿದರೆ ಮುಗಿಯಿತು. ಗುಡ್ಡವೇ ಇಲ್ಲ, ಯಾರು ಹೋಗಿ ನೋಡುತ್ತಾರೆ? ಸುಳ್ಳೂ ಅಲ್ಲ, ಗಿಡ ಅಲ್ಲಿ ಇತ್ತು, ಅವರು ಕಂಡಿದ್ದರು, ಕಿತ್ತಿದ್ದರು. ಹಾಳೆ ಮಾತ್ರ ಬೇರೆ. ಬಾಗಿಲು ಮುಚ್ಚಿ ಚೀಟಿ ಬರೆದೆ. ನನ್ನ ಅಕ್ಷರ ಅಷ್ಟು ದುಂಡಾಗಿ ಎಂದೂ ಬಂದಿರಲಿಲ್ಲ. ಅಂಟಿನ ಕುಂಚ ಕೈಗೆ ತೆಗೆದುಕೊಂಡೆ.

ಆಗ ಅಕ್ಕೋರು ಕಣ್ಣಮುಂದೆ ಬಂದರು. ಹಿಂದಿನ ವರ್ಷ ಒಂದು ದಿನ, ಶಾಲೆ ಬಿಟ್ಟ ಮೇಲೆ, ಸುರಿವ ಮಳೆಯಲ್ಲಿ ಚೆಂಬೂರಿನಿಂದ ಕಾಲೇಜಿಗೆ ಬಂದಿದ್ದರು. ಒಂದು ಹುಲ್ಲಿನ ಜಾಗವನ್ನು ನಾಲೆಯ ಈಚೆ ಎಂದು ಬರೆದಿದ್ದರಂತೆ, ಆಚೆಯೋ ಈಚೆಯೋ ಈಗ ಖಾತ್ರಿಯಿಲ್ಲವಂತೆ, ಆ ಹಾಳೆ ಹರಿದುಹಾಕಬೇಕಂತೆ. ಹತ್ತು ಮಾರಿನ ನಾಲೆ! ನಾನು ರೇಗಿದೆ. "ಆಚೆ ಆದರೆಂತ, ಈಚೆ ಆದರೆಂತ ಮಾರಾಯ್ರೆ? ಹುಲ್ಲು ಹುಲ್ಲೇ ಅಲ್ಲವಾ?" ಎಂದೆ. ಅವರು ಸೆರಗು ಹಿಂಡಿಕೊಳ್ಳುತ್ತ, "ನನಗ ಖಾತ್ರಿ ಇಲ್ಲದ್ದು ನನ್ನ ಹೆಸರಿಲೆ ಇರಬಾರದ್ರಿ ಅಣ್ಣಾರ" ಎಂದು ನಿಂತೇ ಇದ್ದರು. ನಾನು ಹರಿದು ಹಾಕಿದ ಮೇಲೆಯೇ ಹೋದರು.

ಕುಂಚ ಕೆಳಗಿಟ್ಟೆ. ಆ ದುಂಡಗಿನ ಚೀಟಿಯನ್ನು ಹರಿದೆ. ಕೊಳೆತ ದಂಟು, ಎಲೆಯ ನರ, ಗೆಡ್ಡೆಯ ಹೋಳುಗಳನ್ನು ಒಣಗಿಸಿ ಒಂದು ಕಾಗದದ ಪೊಟ್ಟಣದಲ್ಲಿಟ್ಟು ಹಾಳೆಗೆ ಅಂಟಿಸಿದೆ. ಚೀಟಿಯಲ್ಲಿ ಅಕ್ಕೋರ ಹೆಸರು, ನಂಬರು, ಅವರು ಬರೆದ ಜಾಗವನ್ನು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಹೀಗೆ ಸೇರಿಸಿದೆ: "ಕಟ್ಟನ್ನು ತರಲು ನಾನು ತಡಮಾಡಿದ್ದರಿಂದ ಹೂವು ನಾಶವಾಗಿದೆ." ಸಹಿ ಹಾಕಿದೆ.

ಪ್ರೊಫೆಸರರು ಓದಿ ಕನ್ನಡಕ ತೆಗೆದರು. "ಇಂಥದ್ದನ್ನು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ" ಎಂದರು. "ಗೊತ್ತು ಸರ್" ಎಂದೆ. ಹೂವಿಲ್ಲದ ಹಾಳೆಯಿಂದ ಗಿಡದ ಹೆಸರು ನಿರ್ಧರಿಸಲಾಗದು ಎಂದು ಪಟ್ಟಿಯಿಂದ ಅವರು ಅದನ್ನು ಕೈಬಿಟ್ಟರು. ಅದು ಸರಿಯೇ. ಹಾಳೆಯನ್ನು ಮಾತ್ರ ಕಪಾಟಿನಿಂದ ತೆಗೆಸಲಿಲ್ಲ.

ದೀಪಾವಳಿಯ ರಜೆಯಲ್ಲಿ ಅಕ್ಕೋರ ಗಂಡ ಕಾಲೇಜಿಗೆ ಬಂದರು. ಆಕೆ ತಂದ ಗಿಡಗಳನ್ನು ನೋಡಬೇಕು ಎಂದರು. ಉದ್ದ ಮೇಜಿನ ಮೇಲೆ ಒಂದೊಂದಾಗಿ ಹರಡಿದೆ. ಎಲ್ಲ ಚೀಟಿಯ ಮೇಲೂ ಹೆಂಡತಿಯ ಹೆಸರನ್ನು ಬೆರಳಿಟ್ಟು ಓದಿದರು. ಹೂಜಿ ಹೂವಿನ ಹಾಳೆಯನ್ನು ಅಡಿಯಲ್ಲಿ ಮುಚ್ಚಿಡಬಹುದಿತ್ತು, ತೋರಿಸಿದೆ. ಇಂಗ್ಲಿಷ್ ಬಲ್ಲವರು, ನನ್ನ ಸಾಲನ್ನು ಓದಿದರು. ಮತ್ತೊಮ್ಮೆ ಓದಿದರು.

"ತಡ ಯಾಕ ಮಾಡಿದ್ರಿ?" ಎಂದರು.

ಈ ಪ್ರಶ್ನೆಗೆ ಎರಡು ತಿಂಗಳಿಂದ ಉತ್ತರ ಹುಡುಕಿಟ್ಟುಕೊಂಡಿದ್ದೆ. ಅವನ್ನೆಲ್ಲ ಬಿಟ್ಟೆ. "ಆ ಬುಧವಾರ ಬಂದಿದ್ದೆನಲ್ಲ, ಆಗಲೇ ಕೇಳಬೇಕಿತ್ತು. ಅಂಥ ಹೊತ್ತಿನಲ್ಲಿ ಹೇಗೆ ಕೇಳುವುದು ಅಂತ ಬಾಯಿ ಬರಲಿಲ್ಲ" ಎಂದೆ. ಅವರು ಬೈಯಲಿ ಎಂದು ಕಾದೆ.

ಅವರು ಪೊಟ್ಟಣದ ಮೇಲೆ ಕೈಯಿಟ್ಟರು.

"ಆಕಿ ದಿನಾ ಕಾಗದ ಬದಲಿಸೂದು ನಾ ನೋಡೀನ್ರಿ" ಎಂದರು. "ಮಂಗಳವಾರ ನಾನ ಬದಲಿಸಬೇಕಂತ ಎದ್ದೆ. ಮುಟ್ಟಬ್ಯಾಡ, ಆಕಿ ಕೈಯಿಂದ ಇಟ್ಟದ್ದು, ದಿನ ಮುಗೀಲಿ ಅಂದ್ಲು ಸೋದರತ್ತಿ. ಕೂತೆ. ಬಂದವ್ರೆಲ್ಲಾ ಹೆಂಗ ಸತ್ಲು, ಎಷ್ಟು ಹೊತ್ತಿಗೆ ಸತ್ಲು ಅಂತ ಕೇಳಾವ್ರು. ಬುಧವಾರ ನೀವು ಕಾಗದ ತಗೊಂಡು ಬಂದ್ರಿ. ನೀವು ಒಂದು ಮಾತು ಕೇಳಿದ್ರ, ಕಾಲೇಜಿನವ್ರು ಕೇಳ್ಯಾರ ಅಂತ ಹೇಳಿ, ನಾನ ಎದ್ದು ತಂದು ಕೊಡ್ತಿದ್ದೆ. ಕೇಳ್ರಿ, ಕೇಳ್ರಿ ಅಂತ ಅರ್ಧಾ ತಾಸು ನಿಮ್ಮ ಮಾರಿನ ನೋಡ್ಕೋತ ಕೂತಿದ್ದೆ."

ಆ ಅರ್ಧ ಗಂಟೆಯಲ್ಲಿ ನಾನು ಒಮ್ಮೆಯೂ ಅವರ ಮುಖ ನೋಡಿರಲಿಲ್ಲ.